ಕಿರುಮಾದರಿಗಳಿಗೆ ತಕ್ಕ ಅಂಟು

ನಮ್ಮ ಶಾಲೆಯ ವಾರ್ಷಿಕ ಪ್ರದರ್ಶನವನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಒಂದು ಮೇಜಿನ ಮೇಲೆ ಹೊಲಿಗೆ ಹೆಣಿಕೆಗಳು, ಇನ್ನೊಂದರ ಮೇಲೆ ಭೂಗೋಲದ ನಕಾಶೆಗಳು, ನಡುವಿನ ದೊಡ್ಡ ಮೇಜಿನ ಮೇಲೆ ಹುಡುಗಿಯರು ತಮ್ಮ ಕೈಯಿಂದಲೇ ಕಟ್ಟಿ ತಂದ ಕಿರುಮಾದರಿಗಳು: ಮೊಳದಗಲದ ಮನೆ, ಗೇಣುದ್ದದ ಚಕ್ಕಡಿ, ಬೆಂಕಿಕಡ್ಡಿಗಳ ಏಣಿ, ರಟ್ಟಿನ ಬಾವಿ. ಪಾಲಕರು ಹೆಚ್ಚು ಹೊತ್ತು ನಿಲ್ಲುವದು ಈ ಮೇಜಿನ ಮುಂದೆಯೇ. ಆದರೆ ನೋಡುವವರ ಕಣ್ಣಿಗೆ ಬೀಳದೆ ಇವನ್ನೆಲ್ಲ ಹಿಡಿದು ನಿಲ್ಲಿಸುವ ವಸ್ತುವೊಂದುಂಟು, ಅದು ಅಂಟು. ಅದರ ವಿಷಯವಾಗಿ ನಾಲ್ಕು ಮಾತು ಬರೆಯಲು ನನ್ನನ್ನು ಪ್ರೇರಿಸಿದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವದು ಲೇಸು.

ಕೆಲವು ವರ್ಷಗಳ ಹಿಂದೆ ಪ್ರದರ್ಶನದ ಮುನ್ನಾದಿನ, ನವಲಗುಂದ ತಾಲೂಕಿನ ತಿರ್ಲಾಪುರದಿಂದ ನಮ್ಮ ಶಾಲೆಗೆ ಬರುತ್ತಿದ್ದ ಎಂಟನೆಯ ಇಯತ್ತೆಯ ಬಾಲಿಕೆಯೊಬ್ಬಳು ತನ್ನ ಅಜ್ಜನ ಮನೆಯ ಮಾದರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಮಣ್ಣಿನ ಮಾಳಿಗೆಯ ಆ ಹಳೆಯ ಮನೆಯು ಹಿಂದಿನ ಮಳೆಗಾಲದಲ್ಲಿ ಕುಸಿದುಬಿದ್ದಿತ್ತು. ಅವಳು ಅದನ್ನು ನೆನಪಿನಿಂದಲೇ ಕಟ್ಟಿದ್ದಳು: ಥರ್ಮಾಕೋಲಿನ ಗೋಡೆಗಳು, ಐಸ್‌ಕ್ಯಾಂಡಿ ಕಡ್ಡಿಗಳ ತೊಲೆ ಜಂತೆಗಳು, ಮುಂದೆ ಕಟ್ಟೆ, ಒಳಗೆ ದನಗಳ ಗೋದಲಿ, ಗೋದಲಿಯ ಮುಂದೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ ಉಳಿಸಿಕೊಂಡಿದ್ದ ಎರೆಮಣ್ಣಿನ ಜೋಡೆತ್ತು. ಬಸ್ಸಿನ ಕುಲುಕಾಟದಿಂದ ಒಂದು ಮೂಲೆಯು ಬಿಟ್ಟಿತ್ತು. ಅದನ್ನು ಕೂಡಿಸಲೆಂದು ಅವಳು ಅಂಗಡಿಗೆ ಹೋಗಿ, ಚಪ್ಪಲಿಗೆ ಹಚ್ಚುವ ಹಳದಿಯ ರಬ್ಬರಿನ ಅಂಟನ್ನು ತಂದು ಧಾರಾಳವಾಗಿ ಬಳಿದಳು. ನಾವು ನೋಡುತ್ತಿದ್ದಂತೆಯೇ ಗೋಡೆಯು ಬಿಸಿಲಿಗಿಟ್ಟ ಬೆಣ್ಣೆಯಂತೆ ಕುಗ್ಗಿ ಕರಗಿ, ಜಂತೆಗಳು ಒಂದರ ಮೇಲೊಂದು ಬಿದ್ದವು.

ನಾಳಿನ ಅವಸರದಲ್ಲಿದ್ದ ನಾನು ಅವಳನ್ನು ಗದರಿಸಿದೆನು. ಅವಳು ಅಳುತ್ತ ಅಂದಳು: “ಅಕ್ಕೋರ, ನೀವ ಎಲ್ಲಾಕಿಂತ ಗಟ್ಟಿ ಅಂಟು ತರ್ರಿ ಅಂದಿದ್ರಲ್ಲರಿ, ಅಂಗಡ್ಯಾಗ ಕೇಳಿದ್ರ ಇದ ಗಟ್ಟಿ ಅಂತ ಕೊಟ್ರರಿ.” ಅವಳ ಮಾತು ನಿಜವಾಗಿತ್ತು. ಪ್ರದರ್ಶನದ ಸೂಚನೆಯಲ್ಲಿ “ಗಟ್ಟಿಯಾದ ಅಂಟನ್ನು ಉಪಯೋಗಿಸತಕ್ಕದ್ದು” ಎಂದು ಬರೆದವಳು ನಾನೇ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಹುಡುಗಿಯು ಆಜ್ಞೆ ಮೀರಿರಲಿಲ್ಲ. ಗಟ್ಟಿ ಅಂಟು ಬೇರೆ, ತಕ್ಕ ಅಂಟು ಬೇರೆ ಎಂಬ ಭೇದವನ್ನು ಕಲಿಸಬೇಕಾದವಳು ಕಲಿಸಿರಲಿಲ್ಲ.

ಹಾಗಾದರೆ ತಕ್ಕ ಅಂಟು ಯಾವದು? ಅದನ್ನು ತಿಳಿಯಲು ಅಂಟು ಹೇಗೆ ಹಿಡಿಯುವದೆಂಬದನ್ನು ಮೊದಲು ತಿಳಿಯಬೇಕು. ಎಷ್ಟು ನುಣುಪಾಗಿ ಕಾಣುವ ಮರವನ್ನಾದರೂ ಭೂತಗನ್ನಡಿಯಿಂದ ನೋಡಿದರೆ ಅದರ ಮೈಯೆಲ್ಲ ತಗ್ಗುದಿಣ್ಣೆಗಳೇ. ಇಂಥ ಎರಡು ತುಂಡುಗಳನ್ನು ಒತ್ತಿ ಹಿಡಿದರೆ ಅವು ಕೆಲವೇ ತುದಿಗಳಲ್ಲಿ ಮುಟ್ಟುವವು. ಅಂಟು ನೀರಾಗಿದ್ದಾಗ ಎರಡೂ ಮೈಗಳನ್ನು ತೋಯಿಸಿ, ಸಂದುಗಳಲ್ಲಿ ಹರಿದು, ಎರಡಕ್ಕೂ ನಿಕಟವಾಗಿ ತಾಗುವದು; ಬಳಿಕ ಅಲ್ಲಿಯೇ ಗಟ್ಟಿಯಾಗುವದು. ಆದುದರಿಂದ ಅಂಟಿಗೆ ಎರಡು ಗುಣಗಳು ಬೇಕು: ಮೊದಲು ಆ ವಸ್ತುವಿನ ಮೈಯನ್ನು ತೋಯಿಸಬೇಕು, ಆಮೇಲೆ ಅಲ್ಲಿ ಗಟ್ಟಿಗೊಳ್ಳಬೇಕು. ಎಣ್ಣೆ ಸವರಿದ ಹಂಚಿನ ಮೇಲೆ ನೀರು ಹನಿಹನಿಯಾಗಿ ನಿಲ್ಲುವದಷ್ಟೆ? ಹಾಗೆಯೇ ಧೂಳು, ಎಣ್ಣೆ, ಬೆವರು ಇರುವ ಮೈಗೆ ಯಾವ ಅಂಟೂ ಸರಿಯಾಗಿ ಹತ್ತುವದಿಲ್ಲ. ಒರೆಸಿ ಒಣಗಿಸುವದೇ ಅಂಟಿಸುವ ಕೆಲಸದ ಮೊದಲನೆಯ ಪಾಠ.

ಗಟ್ಟಿಗೊಳ್ಳುವ ಬಗೆಗಳು ಮುಖ್ಯವಾಗಿ ಮೂರು. ಕೆಲವು ಅಂಟುಗಳು ತಮ್ಮಲ್ಲಿಯ ನೀರನ್ನೋ ಬೇರೆ ದ್ರವವನ್ನೋ ಬಿಟ್ಟುಕೊಟ್ಟು ಆರುವವು. ಹಿಟ್ಟಿನ ಅಂಟು, ಗೋಂದು, ಬಿಳಿಯ ಮರದಂಟು, ರಬ್ಬರಿನ ಅಂಟು ಇವು ಈ ಜಾತಿಯವು. ಕೆಲವು ಬಿಸಿಯಾಗಿದ್ದಾಗ ಹರಿದು ತಣ್ಣಗಾದಾಗ ಹೆಪ್ಪುಗಟ್ಟುವವು. ಅರಗು, ಈಗ ಬಂದೂಕಿನಾಕಾರದ ಉಪಕರಣದಿಂದ ಕರಗಿಸಿ ಹಚ್ಚುವ ಅಂಟಿನ ಕಡ್ಡಿ ಈ ಬಗೆಯವು. ಇನ್ನು ಕೆಲವು ರಾಸಾಯನಿಕ ಕ್ರಿಯೆಯಿಂದ ಒಳಗೇ ಮಾರ್ಪಟ್ಟು ಕಲ್ಲಾಗುವವು. ಎರಡು ಕೊಳವೆಗಳಿಂದ ಬೆರಸಿ ಹಚ್ಚುವ ಎಪಾಕ್ಸಿ, ಕ್ಷಣದಲ್ಲಿ ಹಿಡಿಯುವ ದಿಢೀರ್ ಅಂಟು ಇವು ಈ ಮೂರನೆಯ ವರ್ಗದವು. ಅಂಟನ್ನು ಆರಿಸುವಾಗ “ಇದು ಹೇಗೆ ಆರುವದು?” ಎಂದು ಕೇಳಿದರೆ ಅರ್ಧ ಉತ್ತರವು ತಾನಾಗಿಯೇ ದೊರೆಯುವದು.

ಕಾಗದ ರಟ್ಟುಗಳ ಕೆಲಸಕ್ಕೆ ನಮ್ಮ ಅಡಿಗೆಮನೆಯ ಅಂಟೇ ಸಾಕು. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಕುದಿಸಿದರೆ, ಹಿಟ್ಟಿನ ಕಣಗಳು ಉಬ್ಬಿ ಒಡೆದು ಹೊಳೆಯುವ ಅಂಟಾಗುವದು. ಪುಸ್ತಕ ಕಟ್ಟುವವರು ಹುಳ ಬೀಳಬಾರದೆಂದು ಇದಕ್ಕೆ ಮೈಲುತುತ್ತವನ್ನು ಬೆರಸುವದುಂಟು. ಅದು ವಿಷವಾದ್ದರಿಂದ ಮಕ್ಕಳ ಕೆಲಸಕ್ಕೆ ಬೆರಸಲಾಗದು. ಬೇಕಾದಷ್ಟನ್ನೇ ಅಂದಂದು ಮಾಡಿಕೊಳ್ಳುವದು ಮೇಲು. ನಮ್ಮ ಎರೆಭೂಮಿಯ ಬದುಗಳಲ್ಲಿ ಬೆಳೆಯುವ ಕರಿಜಾಲಿಯ ತೊಗಟೆಯಿಂದ ಒಸರುವ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬಟ್ಟೆಯಿಂದ ಸೋಸಿದರೆ ತೆಳುಕಾಗದಕ್ಕೆ ಒಳ್ಳೆಯ ಗೋಂದಾಗುವದು. ಆದರೆ ಅದು ಬೇಸಿಗೆಯಲ್ಲಿ ಬಿರುಸಾಗಿ ಸಿಡಿಯುವದು, ಮಳೆಗಾಲದ ತೇವಕ್ಕೆ ಮೆತ್ತಗಾಗುವದು. ಭಾರ ಹೊರುವ ಸಂದಿಗೆ ನಡೆಯದು. ನೀರಿನಂಟು ಯಾವದೇ ಇರಲಿ, ಕಾಗದವು ತೊಯ್ದಾಗ ಹಿಗ್ಗಿ ಆರುವಾಗ ಕುಗ್ಗುವದು. ಅದರಿಂದ ರಟ್ಟು ಸೊಟ್ಟಾಗುವದು. ಇದಕ್ಕೆ ಪರಿಹಾರವೆಂದರೆ ಅಂಟನ್ನು ತೆಳ್ಳಗೆ ಹಚ್ಚುವದು, ರಟ್ಟಿನ ಒಂದು ಮಗ್ಗುಲಿಗೆ ಕಾಗದ ಅಂಟಿಸಿದರೆ ಇನ್ನೊಂದು ಮಗ್ಗುಲಿಗೂ ಅಂಟಿಸುವದು, ಆರುವ ತನಕ ಪುಸ್ತಕಗಳ ಭಾರದ ಕೆಳಗೆ ಇಡುವದು.

ಮರದ ಕಡ್ಡಿ, ಹಲಗೆ, ಬೆಂಕಿಕಡ್ಡಿಗಳ ವಿಷಯವೇ ಬೇರೆ. ನಮ್ಮ ಅಜ್ಜಂದಿರ ಕಾಲದ ಬಡಿಗರು ಪ್ರಾಣಿಗಳ ತೊಗಲು ಎಲುಬುಗಳನ್ನು ಕುದಿಸಿ ತೆಗೆದ ಮರವಜ್ರವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಿ, ಬಿಸಿಬಿಸಿಯಾಗಿಯೇ ಹಚ್ಚುತ್ತಿದ್ದರು. ಆ ಸಂದು ಬಲವಾದದ್ದು. ಆದರೂ ಬಿಸಿ ತೇವಗಳಿಂದ ಅದನ್ನು ಬಿಡಿಸಲಿಕ್ಕೆ ಬರುತ್ತಿದ್ದುದರಿಂದ ಮುರಿದ ಕುರ್ಚಿಯನ್ನು ಮತ್ತೆ ಬಿಚ್ಚಿ ಕೂಡಿಸಬಹುದಾಗಿತ್ತು. ಈ ಕುದಿಸುವ ತೊಂದರೆಯನ್ನು ತಪ್ಪಿಸಿದ್ದು ಬಿಳಿಯ ಮರದಂಟು. ಅದರ ಮೂಲವಸ್ತುವಾದ ಪಾಲಿವಿನೈಲ್ ಅಸಿಟೇಟನ್ನು ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬ ರಸಾಯನಶಾಸ್ತ್ರಜ್ಞನು 1912ರಲ್ಲಿ ಕಂಡುಹಿಡಿದನು. ನಮ್ಮ ದೇಶದಲ್ಲಿ ಫೆವಿಕಾಲ್ ಎಂಬ ಹೆಸರಿನಿಂದ ಅದು 1959ರಲ್ಲಿ ಬಡಿಗರ ಕೈಗೆ ಬಂದಿತು. ಹಾಲಿನಂತೆ ಬೆಳ್ಳಗಿದ್ದು, ಆರಿದ ಮೇಲೆ ಬಣ್ಣವಿಲ್ಲದಾಗುವ ಈ ಅಂಟು ಮರದ ಮಾದರಿಗೆ ಅತ್ಯಂತ ಯೋಗ್ಯವಾದದ್ದು. ತೊಯ್ದಿರುವಾಗ ಒದ್ದೆಬಟ್ಟೆಯಿಂದ ಒರೆಸಬಹುದು, ವಾಸನೆಯ ಬಾಧೆಯಿಲ್ಲ, ಸಣ್ಣವರ ಕೈಗೂ ಕೊಡಬಹುದು. ಅರ್ಧ ಗಂಟೆಯಿಂದ ಒಂದು ಗಂಟೆಯ ವರೆಗೆ ಬಿಗಿದು ಹಿಡಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟರೆ ಸಂದು ಚೆನ್ನಾಗಿ ನಿಲ್ಲುವದು. ನೀರು ತಗಲುವ ಸ್ಥಳದಲ್ಲಿ ಮಾತ್ರ ಸಾಮಾನ್ಯ ಬಿಳಿಯಂಟನ್ನು ನಂಬಲಾಗದು.

ಮರಕ್ಕೆ ತಕ್ಕ ಅಂಟನ್ನು ಹುಡುಕುವ ವಿದ್ಯೆಯು ನಮ್ಮ ನಾಡಿಗೆ ಹೊರಗಿನಿಂದಲೇ ಬಂದುದೆಂದು ಯಾರೂ ತಿಳಿಯಬಾರದು. ನಮ್ಮ ಜಿಲ್ಲೆಯಿಂದ ಮೂಡಲಿಗೆ ಗದಗವನ್ನು ದಾಟಿ ಹೋದರೆ ಕೊಪ್ಪಳ. ಅದರ ಸಮೀಪದಲ್ಲಿ ಕಿನ್ನಾಳವೆಂಬ ಊರು. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮರದ ತುಂಡುಗಳನ್ನು ಕೂಡಿಸಿ ಬೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡುತ್ತ ಬಂದಿರುವರು. ಅವರ ಅಂಟು ಹುಣಸೆಬೀಜದ್ದು. ಬೀಜವನ್ನು ಅರೆದು ನೀರಿನಲ್ಲಿ ಕುದಿಸಿದರೆ ಜಿಗುಟಾದ ಸರಿಯಾಗುವದು. ತುಂಡುಗಳನ್ನು ಕೂಡಿಸಲು ಬರಿಯ ಅಂಟು. ಸಂದುಗಳನ್ನೂ ಕುಳಿಗಳನ್ನೂ ತುಂಬಲು ಗೋಣಿಯ ಚೂರು, ಮರದ ಹೊಟ್ಟು ಮುಂತಾದವನ್ನು ಅದೇ ಅಂಟಿನಲ್ಲಿ ಕಲಸಿದ ಕಿಟ್ಟ. ಮೈಮೇಲಿನ ಉಬ್ಬಿದ ಒಡವೆಗಳಿಗೆ ಕಲ್ಲಿನ ನುಣ್ಣಗಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಸರಿ. ಒಂದೇ ಬೊಂಬೆಯಲ್ಲಿ ಮೂರು ಕೆಲಸಗಳಿಗೆ ಮೂರು ಪಾಕಗಳು! ಕೂಡಿಸುವ ಅಂಟು ಬೇರೆ, ತುಂಬುವ ಅಂಟು ಬೇರೆ ಎಂಬದನ್ನು ಅವರು ಕೈಯಿಂದಲೇ ಕಲಿತವರು. ನಮ್ಮ ಹುಡುಗಿಯರು ಬಿಳಿಯಂಟಿನಲ್ಲಿ ಸಣ್ಣ ಮರದ ಹೊಟ್ಟನ್ನು ಕಲಸಿ ಬಿರುಕು ತುಂಬಿದರೆ ಅದೂ ಕಿಟ್ಟದ ತಂಗಿಯೇ ಸರಿ.

ಈಗ ಆ ಕರಗಿದ ಗೋಡೆಯ ಮಾತಿಗೆ ಬರುವೆನು. ಥರ್ಮಾಕೋಲೆಂಬದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಅದರಲ್ಲಿ ಬಹುಭಾಗವು ಗಾಳಿಯೇ. ರಬ್ಬರಿನ ಅಂಟಿನಲ್ಲಿ ರಬ್ಬರನ್ನು ಕರಗಿಸಿಟ್ಟ ದ್ರವವು ಈ ಪ್ಲಾಸ್ಟಿಕ್ಕನ್ನೂ ಕರಗಿಸಬಲ್ಲದು. ಕರಗಿದಾಗ ಗಾಳಿಯೆಲ್ಲ ಹೊರಟುಹೋಗಿ ಗೋಡೆಯು ಹಿಡಿಯಷ್ಟಾಗುವದು. ದಿಢೀರ್ ಅಂಟೂ ಅದನ್ನು ತಿನ್ನುವದುಂಟು. ಕಾಯ್ದ ಅಂಟಿನ ಕಡ್ಡಿಯು ಬಿಸಿಯಿಂದ ಕುಳಿ ಬೀಳಿಸುವದು. ಥರ್ಮಾಕೋಲಿಗೆ ಬಿಳಿಯ ಅಂಟೇ ತಕ್ಕದ್ದು. ಆದರೆ ಒಂದು ಎಚ್ಚರಿಕೆ ಬೇಕು: ಮರವು ಅಂಟಿನ ನೀರನ್ನು ಹೀರಿಕೊಳ್ಳುವದು, ಥರ್ಮಾಕೋಲು ಹೀರದು. ಎರಡು ಅಗಲವಾದ ಹಾಳೆಗಳ ನಡುವೆ ದಪ್ಪಗೆ ಬಳಿದರೆ ನೀರು ಹೊರಬೀಳಲು ದಾರಿಯಿಲ್ಲದೆ ನಡುವಿನ ಅಂಟು ಎರಡು ದಿನಗಳಾದರೂ ಹಸಿಯಾಗಿಯೇ ಉಳಿಯುವದು. ಆದುದರಿಂದ ಚುಕ್ಕೆಚುಕ್ಕೆಯಾಗಿ ತೆಳ್ಳಗೆ ಹಚ್ಚಿ, ಗುಂಡುಸೂಜಿಗಳಿಂದ ಚುಚ್ಚಿ ನಿಲ್ಲಿಸಿ, ಪ್ರದರ್ಶನಕ್ಕೆ ಮೂರು ನಾಲ್ಕು ದಿನ ಮೊದಲೇ ಕೆಲಸವನ್ನು ಮುಗಿಸಬೇಕು.

ಕರಗಿಸುವ ಈ ಗುಣವೇ ಇನ್ನೊಂದು ಕಡೆಯಲ್ಲಿ ಉಪಕಾರಿಯಾಗುವದು. ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬರುವ ವಿಮಾನ, ಹಡಗುಗಳ ಮಾದರಿಗಳು ಸಾಮಾನ್ಯವಾಗಿ ಗಟ್ಟಿ ಪಾಲಿಸ್ಟೈರೀನಿನವು. ಅವುಗಳಿಗೆಂದೇ ಮಾರುವ ಪ್ಲಾಸ್ಟಿಕ್ ಸಿಮೆಂಟು ಎರಡೂ ಅಂಚುಗಳನ್ನು ತುಸುವೇ ಕರಗಿಸುವದು; ಕರಗಿದ ಅಂಚುಗಳು ಒಂದರೊಳಗೊಂದು ಬೆರೆತು, ದ್ರವವು ಆರಿಹೋದ ಮೇಲೆ ಎರಡು ತುಂಡುಗಳು ಒಂದೇ ತುಂಡಾಗುವವು. ಇದು ಅಂಟಿಕೆಯಲ್ಲ, ಬೆಸುಗೆ. ಆದರೆ ಹಚ್ಚುವದು ಕುಂಚದ ತುದಿಯಷ್ಟೇ ಇರಬೇಕು. ಹೆಚ್ಚಾದರೆ ರೂಪವೇ ಕೆಡುವದು. ಇನ್ನು ಬಕೀಟು, ಡಬ್ಬಿ, ಹಾಲಿನ ಚೀಲಗಳ ಪಾಲಿಥೀನು ಪಾಲಿಪ್ರೊಪಿಲೀನುಗಳಿಗೆ ಮನೆಯಲ್ಲಿ ದೊರೆಯುವ ಯಾವ ಅಂಟೂ ಹೆಚ್ಚಾಗಿ ಹತ್ತದು. ಅವುಗಳ ಮೈಯನ್ನು ಅಂಟು ತೋಯಿಸಲಾರದು. ಅಂಥವನ್ನು ದಾರದಿಂದ ಕಟ್ಟುವದೋ ಮೊಳೆಯಿಂದ ಬಿಗಿಯುವದೋ ಉಚಿತ.

ದಿಢೀರ್ ಅಂಟಿನ ವಿಷಯವನ್ನು ಪಾಲಕರು ಲಕ್ಷ್ಯಗೊಟ್ಟು ಓದಬೇಕೆಂದು ಬೇಡುವೆನು. ಯಾಕಂದರೆ ಇದು ಈಗ ಪ್ರತಿ ಕಿರಾಣಿ ಅಂಗಡಿಯಲ್ಲಿ ಸಣ್ಣ ಕೊಳವೆಗಳಲ್ಲಿ ದೊರೆಯುವದು, ಮಕ್ಕಳು ಮೊದಲು ಕೈಚಾಚುವದೂ ಇದಕ್ಕೇ. ಇದರ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೇರಿಕೆಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಕಣ್ಣಿಗಾಗಿ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಈ ವಸ್ತುವು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುವದೆಂದು ಅದನ್ನು ಬದಿಗಿಟ್ಟರು. 1951ರಲ್ಲಿ ಆ ದೋಷವೇ ಗುಣವೆಂದು ಅವರಿಗೆ ಹೊಳೆಯಿತು. 1958ರಲ್ಲಿ ಅದು ಪೇಟೆಗೆ ಬಂದಿತು. ಇದು ಆರುವದು ಗಾಳಿಗೆ ಒಣಗಿಯಲ್ಲ. ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಇರುವ ತೇವವೇ ಅದನ್ನು ಗಟ್ಟಿಗೊಳಿಸುವದು. ನಮ್ಮ ಬೆರಳು, ತುಟಿ, ಕಣ್ಣುಗಳಲ್ಲಿ ತೇವವು ಸದಾ ಇರುವದರಿಂದಲೇ ಅದು ಚರ್ಮವನ್ನು ಅಷ್ಟು ಬೇಗನೆ ಹಿಡಿಯುವದು.

ಇದು ಹತ್ತಿರ ಹತ್ತಿರ ಕೂಡುವ ಸಣ್ಣ ಗಟ್ಟಿ ತುಂಡುಗಳಿಗೆ, ಒಂದು ಹನಿಯಷ್ಟೇ ಹಚ್ಚಿದರೆ, ಬಹು ಚೆನ್ನಾಗಿ ಹತ್ತುವದು. ಆದರೆ ನೀರಿನಂತಿರುವ ಸಾಮಾನ್ಯ ಬಗೆಯು ಬಿರುಕನ್ನು ತುಂಬದು. ಏಕಾಏಕಿ ಬಿದ್ದ ಪೆಟ್ಟಿಗೆ ಬಿರುಸಾಗಿ ಬಿಡುವದು. ಕಿಟಕಿಗೆ ಹಾಕಿದ ಪಾರದರ್ಶಕ ಹಾಳೆಯ ಮೇಲೆ ಅದರ ಆವಿಯು ಕೂತು ಬಿಳಿಯ ಮಂಜು ಕವಿಯುವದು. ಸಂದು ತಪ್ಪಾಗಿ ಕೂತರೆ ತಿದ್ದಲು ಅವಕಾಶವಿಲ್ಲ. ಹತ್ತಿಯ ಬಟ್ಟೆಯ ಮೇಲೆ ಚೆಲ್ಲಿದರೆ ಅತಿ ಬೇಗನೆ ಗಟ್ಟಿಗೊಳ್ಳುತ್ತ ಕಾವು ಹುಟ್ಟಿಸಿ ಹೊಗೆಯಾಡುವದು, ಚರ್ಮವನ್ನು ಸುಡಲೂಬಹುದು. ಆದಕಾರಣ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆಯಬಾರದು, ಹತ್ತಿಯಿಂದ ಒರೆಸಬಾರದು, ಕೊಳವೆಯ ತುದಿಯನ್ನು ಮುಖದ ಕಡೆಗೆ ಹಿಡಿಯಬಾರದು. ಬೆರಳುಗಳು ಅಂಟಿಕೊಂಡರೆ ಜಗ್ಗಕೂಡದು. ಜಗ್ಗಿದರೆ ಚರ್ಮವೇ ಕಿತ್ತುಬರುವದು. ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಬಹಳ ಹೊತ್ತು ನೆನೆಯಿಟ್ಟು ಮೆಲ್ಲಗೆ ಹೊರಳಿಸಿ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಲವಂತದಿಂದ ಬಿಡಿಸದೆ, ಸ್ವಚ್ಛವಾದ ನೀರಿನಿಂದ ತೊಳೆಯುತ್ತ ತಡಮಾಡದೆ ಡಾಕ್ಟರರ ಬಳಿಗೆ ಕರೆದೊಯ್ಯಬೇಕು. ಚಿಕ್ಕ ಮಕ್ಕಳ ಕೈಗೆ ಈ ಅಂಟನ್ನು ಕೊಡಲೇಬಾರದು. ಹಾಗೆಯೇ ರಬ್ಬರಿನ ಅಂಟು, ಪ್ಲಾಸ್ಟಿಕ್ ಸಿಮೆಂಟುಗಳ ಆವಿಯು ತಲೆಗೂ ಶ್ವಾಸಕ್ಕೂ ಕೆಡುಕು ಮಾಡುವದು, ಬೆಂಕಿಯನ್ನೂ ಬೇಗನೆ ಹಿಡಿಯುವದು. ಅವನ್ನು ಒಲೆಯ ಹತ್ತಿರವೂ ಮುಚ್ಚಿದ ಕೋಣೆಯಲ್ಲಿಯೂ ಉಪಯೋಗಿಸಲಾಗದು.

ಲೋಹ, ಗಾಜು, ಕಲ್ಲುಗಳನ್ನು ಕೂಡಿಸಲು, ಇಲ್ಲವೆ ಮರಕ್ಕೆ ತಂತಿಯನ್ನು ನಿಲ್ಲಿಸಲು ಎಪಾಕ್ಸಿಯಂಟು ಉತ್ತಮ. ಒಂದು ಕೊಳವೆಯಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ವಸ್ತು. ಹೊದಿಕೆಯ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಎರಡನ್ನೂ ಹಳೆಯ ರಟ್ಟಿನ ಮೇಲೆ ಹಿಂಡಿ, ಬಣ್ಣ ಒಂದಾಗುವ ವರೆಗೆ ಕಡ್ಡಿಯಿಂದ ಕಲಸಬೇಕು. ಬೇಗ ಆಗಲೆಂದು ಒಂದನ್ನು ಹೆಚ್ಚು ಹಾಕಿದರೆ ಗಟ್ಟಿಯಾಗುವದರ ಬದಲಾಗಿ ಜಿಗುಟಾಗಿಯೇ ಉಳಿಯುವದು. ಇದು ಆರುವಾಗ ಬಹುಮಟ್ಟಿಗೆ ಕುಗ್ಗದೆ ಇರುವದರಿಂದ ಸಂದನ್ನು ತುಂಬಿ ಹಿಡಿಯುವದು. ಚರ್ಮಕ್ಕೆ ತಗಲದಂತೆ ಎಚ್ಚರಿಕೆಯಿರಲಿ.

ಅಂಟನ್ನು ಎಷ್ಟು ವಿವೇಕದಿಂದ ಆರಿಸಿದರೂ ಸಂದಿನ ಆಕಾರ ಸರಿಯಿಲ್ಲದಿದ್ದರೆ ಅದು ವ್ಯರ್ಥವೇ. ಕಡ್ಡಿಯ ತುದಿಯನ್ನು ಇನ್ನೊಂದು ಕಡ್ಡಿಯ ತುದಿಗೆ ಮುಟ್ಟಿಸಿ ಅಂಟಿಸಿದ ಸಂದು ಅತಿ ದುರ್ಬಲ. ಮರದ ಕೊಯ್ದ ತುದಿಯು ಅಂಟನ್ನೆಲ್ಲ ಹೀರಿಬಿಡುವದು, ಹಿಡಿಯುವ ಜಾಗವೂ ಸಾಸಿವೆಯಷ್ಟೇ. ಒಂದರ ಮೇಲೊಂದು ಹಾಯಿಸಿ ಅಂಟಿಸಿದರೆ ಇಲ್ಲವೆ ಒಳಮೂಲೆಗೆ ಸಣ್ಣ ತುಂಡನ್ನು ಆಧಾರ ಕೊಟ್ಟರೆ ಅದೇ ಅಂಟು ಹಲವು ಪಟ್ಟು ಭಾರವನ್ನು ತಡೆಯುವದು. ತಿರುಗುವ ಗಾಲಿಗೆ ಅಂಟು ಬೇಡ, ಅಚ್ಚಿಗೆ ಕಡೆಗೀಲು ಬೇಕು. ಅಂಟಿನ ಪದರು ತೆಳ್ಳಗಿರಲಿ. ಹೆಚ್ಚು ಅಂಟು ಹೆಚ್ಚು ಬಲವೆಂಬದು ತಪ್ಪು ತಿಳಿವಳಿಕೆ. ಆರುವ ತನಕ ಬಟ್ಟೆಯ ಕ್ಲಿಪ್ಪು, ರಬ್ಬರ್ ಉಂಗುರ, ದಾರ ಯಾವದರಿಂದಲಾದರೂ ಬಿಗಿದಿಡಬೇಕು. ಎಲ್ಲಕ್ಕೂ ಮೊದಲು, ಅದೇ ವಸ್ತುವಿನ ಬೇಡಾದ ಚೂರಿನ ಮೇಲೆ ಅಂಟಿಸಿ ಒಂದು ರಾತ್ರಿ ಇಟ್ಟು ನೋಡಬೇಕು. ಆ ಸಂಜೆ ಥರ್ಮಾಕೋಲಿನ ಒಂದು ಚೂರಿನ ಮೇಲೆ ಪರೀಕ್ಷಿಸಿದ್ದರೆ ಅಜ್ಜನ ಮನೆಯು ಉಳಿಯುತ್ತಿತ್ತು.

ಈಗ ನಮ್ಮ ಪ್ರದರ್ಶನದ ಸೂಚನೆಯಲ್ಲಿ “ಗಟ್ಟಿ ಅಂಟು” ಎಂಬ ಮಾತಿಲ್ಲ. ಅದರ ಬದಲಾಗಿ ನಾಲ್ಕು ಪ್ರಶ್ನೆಗಳಿವೆ: ಕೂಡಿಸುವ ಎರಡು ವಸ್ತುಗಳು ಯಾವವು? ಅವು ನೀರನ್ನು ಹೀರುವವೋ ಇಲ್ಲವೋ? ಸಂದಿನ ಮೇಲೆ ಬೀಳುವ ಭಾರವೆಷ್ಟು? ಅಂಟಿಸುವ ಕೈ ಯಾರದು? ಇವಕ್ಕೆ ಉತ್ತರ ಬರೆದ ಬಳಿಕವೇ ಅಂಗಡಿಗೆ ಹೋಗತಕ್ಕದ್ದು. ಮನೆಯಲ್ಲಿಯೂ ತಾಯಿತಂದೆಗಳು ಈ ಪ್ರಶ್ನೆಗಳನ್ನು ಕೇಳಿದರೆ ನಮ್ಮ ಅರ್ಧ ಭಾರವನ್ನು ಇಳಿಸಿದಂತಾಗುವದು.

ಆ ಮಾದರಿಯ ಗತಿ ಏನಾಯಿತೆಂದು ಓದುವವರು ಕೇಳಬಹುದು. ಮರುದಿನ ಅದನ್ನು ಬಿದ್ದ ಗೋಡೆಯೊಡನೆಯೇ ಮೇಜಿನ ಮೇಲೆ ಇಟ್ಟೆವು. ಹುಡುಗಿಯ ಅಜ್ಜನು ಬಂದು ಬಹಳ ಹೊತ್ತು ನೋಡಿ, “ನಮ್ಮ ಮನೀನೂ ಹಿಂಗ ಆ ಮೂಲಿಯಿಂದನ ಬಿತ್ತವಾ” ಎಂದು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟನು. ನಾನು ಅವರ ಎದುರಿಗೇ ಅವಳಿಗೆ, ತಪ್ಪು ನನ್ನದೆಂದು ಹೇಳಿದೆನು. ಮರುವರ್ಷ ಅವಳು ಚಕ್ಕಡಿಯೊಂದನ್ನು ತಂದಳು. ಜೋಳದ ದಂಟಿನ ಬೆಂಡಿನಿಂದ ಗಾಲಿ, ಅಚ್ಚು, ನೊಗಗಳು. ಅದೇ ದಂಟಿನ ಸಿಪ್ಪೆಯನ್ನು ಸಿಗಿದು ಮಾಡಿದ ಸಿಬಿರುಗಳಿಂದ ಚುಚ್ಚಿ ಎಲ್ಲವನ್ನೂ ಕೂಡಿಸಿದ್ದಳು. ಅಜ್ಜನೇ ಕಲಿಸಿದನಂತೆ. ಯಾವ ಅಂಟು ಹಚ್ಚಿದೆಯೆಂದು ಕೇಳಿದಾಗ ಅವಳು ನಕ್ಕು, “ಇದಕ್ಕ ಅಂಟು ಬೇಕಾಗಂಗಿಲ್ಲರಿ ಅಕ್ಕೋರ” ಅಂದಳು. ಆ ಚಕ್ಕಡಿಯು ಇಂದಿಗೂ ನಮ್ಮ ಶಾಲೆಯ ಗಾಜಿನ ಕಪಾಟಿನಲ್ಲಿದೆ, ಬಂದವರು ನೋಡಬಹುದು.